ಯುರೇನಿಯಂ ಲೋಹವೂ ನೀರಿನ ಪಸೆಯೂ

ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಹಿಡಿಯುವುದು ಲೋಕವಿದಿತ. ಪರಮಾಣುಶಕ್ತಿಗೆ ಆಕರವಾದ ಯುರೇನಿಯಮ್ಮಿಗೂ ಈ ಬಾಧೆಯುಂಟೆಂಬುದನ್ನು ಬಲ್ಲವರು ವಿರಳ. ಆಮ್ಲಜನಕದ ಮೇಲೆ ಈ ಲೋಹಕ್ಕಿರುವ ಒಲವು ಅತಿಶಯವಾದುದು. 1789ರಲ್ಲಿ ಜರ್ಮನಿಯ ಕ್ಲಾಪ್ರೋತನು ಇದನ್ನು ಕಂಡುಹಿಡಿದಾಗ ಆತನಿಗೆ ದೊರೆತುದು ಲೋಹವಲ್ಲ, ಅದರ ಆಕ್ಸೈಡು. ಶುದ್ಧ ಲೋಹವನ್ನು ಫ್ರಾನ್ಸಿನ ಪೆಲಿಗೊ ಬೇರ್ಪಡಿಸಿದ್ದು 1841ರಲ್ಲಿ. ಐವತ್ತೆರಡು ವರ್ಷಗಳ ಕಾಲ ಪಂಡಿತಲೋಕವು ಉಡುಪನ್ನೇ ಒಡಲೆಂದು ನಂಬಿದ್ದಿತು!

ಹೊಸದಾಗಿ ಕೊರೆದ ಯುರೇನಿಯಂ ಬೆಳ್ಳಿಯಂತೆ ಹೊಳೆಯುತ್ತದೆ. ಗಾಳಿ ಸೋಕಿದರೆ ಬಣ್ಣಗೆಟ್ಟು ಬರಬರುತ್ತ ಕಪ್ಪಾಗುತ್ತದೆ. ಸಾಧಾರಣ ಉಷ್ಣತೆಯ ಒಣಗಾಳಿಯಲ್ಲಿ ಈ ಕ್ರಿಯೆ ಬಹು ನಿಧಾನ. ಗಾಳಿಯಲ್ಲಿ ನೀರಾವಿ ಬೆರೆತರೆ ವೇಗ ಹೆಚ್ಚುತ್ತದೆ. ಆಮ್ಲಜನಕವಿಲ್ಲದೆ ಬರಿಯ ನೀರಾವಿಯೇ ಇದ್ದರೆ ವೇಗವು ಇನ್ನೂ ಎಷ್ಟೋ ಪಾಲು ಅಧಿಕ. ತುಕ್ಕಿಗೆ ಮೂಲವೆನಿಸಿದ ಆಮ್ಲಜನಕವೇ ಇಲ್ಲಿ ನೀರಿನ ಹಾವಳಿಗೆ ಕಡಿವಾಣವಾಗುವುದು ವಿಚಿತ್ರವಾದರೂ ಪ್ರಯೋಗಸಿದ್ಧವಾದ ಮಾತು.

ಲೋಹವು ನೀರಿನಿಂದ ಆಮ್ಲಜನಕವನ್ನು ಸೆಳೆದುಕೊಂಡು ಡೈಆಕ್ಸೈಡಾಗುತ್ತದೆ. ಜಲಜನಕ ಬಿಡುಗಡೆ ಹೊಂದುತ್ತದೆ. ಅದರ ಒಂದಂಶ ಲೋಹದೊಳಕ್ಕೇ ನುಸುಳಿ ಹೈಡ್ರೈಡನ್ನುಂಟುಮಾಡುತ್ತದೆ. ಆ ಹೈಡ್ರೈಡಿಗೆ ನೀರು ತಗುಲಿದರೆ ಅದೂ ಆಕ್ಸೈಡಾಗಿ, ಜಲಜನಕ ಮತ್ತೆ ಹೊರಬೀಳುತ್ತದೆ. ಇನ್ನೊಂದು ತೊಡಕೂ ಉಂಟು. ಲೋಹದ ಸಾಂದ್ರತೆ ನೀರಿನ 19 ಪಾಲು, ಆಕ್ಸೈಡಿನದು ಸುಮಾರು 11 ಪಾಲು. ಆದಕಾರಣ ಆಕ್ಸೈಡು ತಾನು ಹುಟ್ಟಿದ ಲೋಹಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಎಡೆಯನ್ನು ಬೇಡುತ್ತದೆ. ಅಲ್ಯೂಮಿನಿಯಮ್ಮಿನ ತೆಳುಪೊರೆ ತನ್ನ ಲೋಹವನ್ನು ಕಾಯುತ್ತದೆ. ಈ ಪೊರೆಯಾದರೋ ಬಿರಿದು ಉದುರಿ, ಹೊಸ ಲೋಹವನ್ನು ನೀರಿಗೆ ಒಡ್ಡುತ್ತದೆ. ಹೈಡ್ರೈಡಿನ ಪುಡಿಯಂತೂ ಗಾಳಿ ತಗುಲಿದೊಡನೆ ತಾನೇ ಹೊತ್ತಿಕೊಳ್ಳಬಲ್ಲುದು. ಒದ್ದೆಯಾದ ಯುರೇನಿಯಮ್ಮನ್ನು ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟರೆ ಕ್ಷೇಮವೆಂದು ಭಾವಿಸುವುದು ಸಹಜ. ಆದರೆ ಒಳಗಿನ ಆಮ್ಲಜನಕ ತೀರಿದ ಮೇಲೆಯೇ ಸವೆತದ ವೇಗವೇರಿ, ಜಲಜನಕ ಕೂಡಿಕೊಳ್ಳುವುದು.

ಕರ್ನಾಟಕದ ಕೈಗಾ ವಿದ್ಯುತ್ ಸ್ಥಾವರದಲ್ಲಿ ಇಂಧನವಾಗಿರುವುದು ಲೋಹವಲ್ಲ, ಯುರೇನಿಯಂ ಡೈಆಕ್ಸೈಡಿನ ಬಿಲ್ಲೆಗಳು. ಆಗಲೇ ಆಕ್ಸೈಡಾಗಿರುವುದರಿಂದ ನೀರಿನೊಡನೆ ಅವುಗಳಿಗೆ ಅಂಥ ಕಲಹವಿಲ್ಲ. ಟ್ರಾಂಬೆಯ ಧ್ರುವ ಸಂಶೋಧನಾ ಸ್ಥಾವರದ ಇಂಧನವಾದರೋ ಅಲ್ಯೂಮಿನಿಯಂ ಕವಚ ತೊಟ್ಟ ಲೋಹವೇ.

ಕವಚವೊಡೆದರೆ ಒದಗುವ ಪಾಡಿಗೆ ಅಮೆರಿಕದ ಹ್ಯಾನ್‌ಫರ್ಡ್ ಸಾಕ್ಷಿ. ಅಲ್ಲಿನ ಎನ್ ಸ್ಥಾವರದಲ್ಲಿ ಬಳಸಿದ ಲೋಹ ಇಂಧನ, ಸುಮಾರು 2100 ಟನ್ನು, ಕೊಲಂಬಿಯಾ ನದಿಯ ಸಮೀಪದ ಎರಡು ನೀರಿನ ಕೊಳಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಹೊರತೆಗೆಯುವಾಗಲೇ ಅನೇಕ ಕೊಳವೆಗಳ ಕವಚ ಬಿರಿದಿತ್ತು. ನೀರು ಒಳಹೊಕ್ಕು ಲೋಹವನ್ನು ತಿಂದಿತು. ವಿಕಿರಣಯುಕ್ತ ಹೂಳು ತಳದಲ್ಲಿ ತುಂಬಿಕೊಂಡಿತು. ಪೂರ್ವದ ಕೊಳ ಸೋರಿ, ನೆಲಕ್ಕೂ ಮಾಲಿನ್ಯ ತಗುಲಿತು. ಪಕ್ಕದಲ್ಲೇ ನದಿಯಿದ್ದುದರಿಂದ ಇಂಧನವನ್ನು ಅಲ್ಲಿಯೇ ಬಿಡುವಂತಿರಲಿಲ್ಲ. ನೀರಿನಿಂದ ಎತ್ತಿ ಹಾಗೆಯೇ ಮುಚ್ಚಿಡುವಂತೆಯೂ ಇರಲಿಲ್ಲ. ಅದನ್ನು ತೊಳೆದು, ಉಕ್ಕಿನ ಪಾತ್ರೆಗಳಲ್ಲಿರಿಸಿ, ಮೆಲ್ಲಗೆ ಬೆಚ್ಚಗೆ ಮಾಡಿ, ನಿರ್ವಾತದಲ್ಲಿ ಪಸೆಯನ್ನು ಹೀರಿ, ಹೀಲಿಯಂ ಅನಿಲವನ್ನು ತುಂಬಲಾಯಿತು. 2000ದ ಕೊನೆಯಲ್ಲಿ ತೊಡಗಿದ ಈ ಇಂಧನದ ಕಾರ್ಯ 2004ರಲ್ಲಿ ಮುಗಿಯಿತು. ಹೂಳು ಮಾತ್ರ ಅಷ್ಟು ಬೇಗ ಜಗ್ಗಲಿಲ್ಲ. ಅದನ್ನು ನದೀತೀರದಿಂದ ದೂರಕ್ಕೆ ಸಾಗಿಸಿ ಮುಗಿಸುವಷ್ಟರಲ್ಲಿ 2019 ಬಂದಿತ್ತು.