ಚದುರಂಗದ ಎತ್ತರವನ್ನು ಅಳೆಯುವುದು

ಚದುರಂಗದ ಮಣೆ ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಆಟದಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದರು. ಮಣೆಯ ಮೇಲೆ ಒಂದೇ ಒಂದು ಕುದುರೆಯನ್ನಿಟ್ಟು, ಅದರ ನಡೆಯ ನಿಯಮವನ್ನು ಮೀರದೆ, ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ, ೬೪ ಮನೆಗಳನ್ನೂ ಸುತ್ತಿಸುವ ಕಠಿನವಾದ ಬಂಧಗಳನ್ನು ಅವರು ರಚಿಸಿದ್ದರು. ಅಂಥ ಅರಸರು ಆಳಿದ ನಾಡಿನಲ್ಲಿ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಕಾಣಿಸಿಕೊಂಡುದು ೨೦೧೭ರಲ್ಲಿ. ಅಷ್ಟು ಹೊತ್ತಿಗೆ ನೆರೆಯ ತಮಿಳುನಾಡಿನಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಆ ಪದವಿಯನ್ನು ಪಡೆದಿದ್ದರು.

ಇದಕ್ಕೆ ಕಾರಣವೇನು? ನಮ್ಮವರಿಗೆ ಬುದ್ಧಿ ಸಾಲದೆ? ಶಿವಮೊಗ್ಗ, ಭದ್ರಾವತಿಗಳಲ್ಲಿ ಓದುವ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳುವುದುಂಟು: “ದೊಡ್ಡ ಊರಿನಲ್ಲಿ ಹುಟ್ಟದವನು ದೊಡ್ಡ ಆಟಗಾರನಾಗಬಲ್ಲನೆ?” ಇದಕ್ಕೆ ಉತ್ತರವನ್ನು ಊಹೆಯಿಂದ ಕೊಡಬೇಕಾದುದಿಲ್ಲ. ಆಟಗಾರನ ಬಲವನ್ನು ಅಳೆಯುವ ವಿಧಾನದಲ್ಲಿಯೇ ಅದರ ಬಹುಭಾಗ ಅಡಗಿದೆ. ಆ ವಿಧಾನವನ್ನು ತಿಳಿಯಲು ಹೈಸ್ಕೂಲಿನ ಗಣಿತವೇ ಸಾಕು.

ಭೌತಶಾಸ್ತ್ರಜ್ಞನ ಅಳತೆಗೋಲು

ಇಂದು ಚದುರಂಗದಾಟಗಾರನ ಬಲವನ್ನು ರೇಟಿಂಗ್ ಎಂಬ ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ. ಇದನ್ನು ರೂಪಿಸಿದವರು ಭೌತಶಾಸ್ತ್ರದ ಒಬ್ಬ ಪ್ರಾಧ್ಯಾಪಕರು. ಅರ್ಪಾಡ್ ಈಲೊ (೧೯೦೩–೧೯೯೨) ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿ ನಗರದ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು. ಸ್ವತಃ ಒಳ್ಳೆಯ ಆಟಗಾರರು. ಅವರ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಸ್ಥೆ ೧೯೬೦ರಲ್ಲಿಯೂ, ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ ೧೯೭೦ರಲ್ಲಿಯೂ ಅಂಗೀಕರಿಸಿದುವು.

ಉಷ್ಣತೆಯನ್ನು ಅಳೆಯಲು ಥರ್ಮಾಮೀಟರು ಇದೆ. ಆಟದ ಬಲಕ್ಕೆ ಅಂಥ ಉಪಕರಣವಿಲ್ಲ. ಒಬ್ಬನ ಬಲ ತಿಳಿಯಬೇಕಾದರೆ ಇನ್ನೊಬ್ಬನೊಡನೆ ಆಡಿಸಿ ನೋಡುವುದೊಂದೇ ದಾರಿ. ಗೆಲವಿಗೆ ೧, ಸಮಕ್ಕೆ ೧/೨, ಸೋಲಿಗೆ ೦ ಎಂದು ಲೆಕ್ಕ. ಇವನ್ನು ನಾವು ‘ಅಂಕ’ ಎಂದೂ, ರೇಟಿಂಗಿನ ಮಾನವನ್ನು ‘ಅಂಶ’ ಎಂದೂ ಕರೆಯೋಣ.

ಈಲೊ ಅವರ ತತ್ತ್ವ ಸರಳವಾದುದು. ಇಬ್ಬರ ರೇಟಿಂಗ್ ಸಮವಾಗಿದ್ದರೆ ಪ್ರತಿಯೊಬ್ಬನೂ ಸರಾಸರಿ ಅರ್ಧ ಅಂಕವನ್ನು ನಿರೀಕ್ಷಿಸಬಹುದು. ಅಂತರ ೧೦೦ ಅಂಶವಾದರೆ ಬಲಿಷ್ಠನ ನಿರೀಕ್ಷೆ ೦.೬೪, ೨೦೦ ಆದರೆ ೦.೭೬, ೪೦೦ ಆದರೆ ಸುಮಾರು ೦.೯೧. ಅಂದರೆ ೪೦೦ ಅಂಶ ಕೆಳಗಿರುವವನು ಹನ್ನೊಂದು ಆಟಗಳನ್ನು ಆಡಿದರೆ ಒಂದು ಅಂಕ ಅವನ ಪಾಲಿಗೆ ಬರಬೇಕು. ಆಟವಾದ ಮೇಲೆ, ಪಡೆದ ಅಂಕದಿಂದ ನಿರೀಕ್ಷೆಯನ್ನು ಕಳೆದು, ಉಳಿದುದನ್ನು ಒಂದು ಗುಣಕದಿಂದ ಗುಣಿಸಿ, ಹಳೆಯ ರೇಟಿಂಗಿಗೆ ಕೂಡಿಸುತ್ತಾರೆ. ಹೊಸಬರಿಗೂ, ೨೩೦೦ ಅಂಶ ಮುಟ್ಟದ ಎಳೆಯರಿಗೂ ಈ ಗುಣಕ ೪೦. ಸಾಮಾನ್ಯ ಆಟಗಾರರಿಗೆ ೨೦. ೨೪೦೦ ಮುಟ್ಟಿದವರಿಗೆ ೧೦.

ಒಂದು ಉದಾಹರಣೆಯನ್ನು ನೋಡೋಣ. ಭದ್ರಾವತಿಯ ವಿದ್ಯಾರ್ಥಿಯೊಬ್ಬನ ರೇಟಿಂಗ್ ೧೬೦೦, ಗುಣಕ ೨೦ ಎಂದಿಟ್ಟುಕೊಳ್ಳಿ. ಅವನು ತನ್ನ ಊರಿನಲ್ಲಿ ಸಮಬಲದವರೊಡನೆ ೯ ಆಟಗಳನ್ನಾಡಿ ೪ ಅಂಕ ಗಳಿಸಿದ. ನಿರೀಕ್ಷೆ ೪.೫, ಆದುದರಿಂದ ಅವನಿಗೆ ೧೦ ಅಂಶ ನಷ್ಟ. ಅದೇ ಹುಡುಗ ಬೆಂಗಳೂರಿಗೆ ಹೋಗಿ, ೧೮೦೦ ಅಂಶದವರೊಡನೆ ೯ ಆಟಗಳನ್ನಾಡಿ ಅದೇ ೪ ಅಂಕ ಗಳಿಸಿದ. ಇಲ್ಲಿ ನಿರೀಕ್ಷೆ ೨.೧೬ ಮಾತ್ರ. ಲಾಭ ೧.೮೪ರ ೨೦ ಪಟ್ಟು, ಎಂದರೆ ಸುಮಾರು ೩೭ ಅಂಶ. ಅಂಕ ಒಂದೇ, ಫಲ ಬೇರೆ. ವ್ಯತ್ಯಾಸ ಉಂಟಾದುದು ಎದುರಾಳಿಯಿಂದ.

ಮುಚ್ಚಿದ ಪಾತ್ರೆ

ಈಗ ನಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಶಿವಮೊಗ್ಗಕ್ಕೂ ಭದ್ರಾವತಿಗೂ ಸುಮಾರು ೨೦ ಕಿಲೋಮೀಟರು ಮಾತ್ರ. ಎರಡೂ ಊರುಗಳ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ತಲಾ ೧೫೦೦ ಅಂಶ ಉಳ್ಳವರಾಗಿದ್ದು, ವರ್ಷವಿಡೀ ತಮ್ಮತಮ್ಮಲ್ಲೇ ಆಡುತ್ತಾರೆಂದು ಭಾವಿಸಿ. ಗುಣಕ ಎಲ್ಲರಿಗೂ ಒಂದೇ ಆಗಿರಲಿ. ಒಬ್ಬನು ಗಳಿಸಿದಷ್ಟನ್ನೇ ಅವನ ಎದುರಾಳಿ ಕಳೆದುಕೊಳ್ಳುತ್ತಾನೆ. ವರ್ಷದ ಮೊದಲಲ್ಲಿ ಎಲ್ಲರದೂ ಸೇರಿ ೩೦,೦೦೦ ಅಂಶ, ಕೊನೆಯಲ್ಲಿಯೂ ೩೦,೦೦೦. ಒಬ್ಬನು ೧೭೦೦ಕ್ಕೆ ಏರಿದರೆ ಉಳಿದ ಹತ್ತೊಂಬತ್ತು ಮಂದಿ ಒಟ್ಟಿನಲ್ಲಿ ೨೦೦ ಅಂಶ ಇಳಿದಿರಲೇಬೇಕು. ಶಾಖವನ್ನು ಹೊರಬಿಡದ, ಒಳಗೂ ಕೊಳ್ಳದ ಮುಚ್ಚಿದ ಪಾತ್ರೆಯ ನಿಯಮವೇ ಇಲ್ಲಿಯೂ ನಡೆಯುತ್ತದೆ.

ಹಾಗಾದರೆ ಆ ವರ್ಷ ಅವರು ಕಲಿತುದೇನೂ ಇಲ್ಲವೆ? ಇಪ್ಪತ್ತು ಮಂದಿಯೂ ಪುಸ್ತಕಗಳನ್ನು ಓದಿ, ರಾತ್ರಿಯೆಲ್ಲ ಅಭ್ಯಾಸ ಮಾಡಿ, ಮೊದಲಿಗಿಂತ ಬಹಳ ಬಲಿಷ್ಠರಾಗಿರಬಹುದು. ಆದರೆ ಎಲ್ಲರೂ ಒಟ್ಟಿಗೆ ಏರಿದಾಗ ಅವರವರ ನಡುವಣ ಅಂತರ ಬದಲಾಗುವುದಿಲ್ಲ. ರೇಟಿಂಗು ಅಳೆಯುವುದು ಅಂತರವನ್ನು ಮಾತ್ರ. ಒಂದು ಬೀದಿಯ ಮನೆಗಳ ಎತ್ತರವನ್ನು ಒಂದಕ್ಕೊಂದು ಹೋಲಿಸಿ ಅಳೆದರೆ, ಆ ಬೀದಿ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದು ತಿಳಿಯುವುದೆ? ವಿದ್ಯುದ್ವಿಭವದ ಪಾಠವನ್ನು ಓದಿದವರಿಗೆ ಈ ಮಾತು ಕೂಡಲೇ ಹೊಳೆಯುವುದು.

ಇದು ಬರಿಯ ಊಹೆಯ ಲೆಕ್ಕವಲ್ಲ. ವೇಗವಾಗಿ ಬೆಳೆಯುತ್ತಿರುವ ಎಳೆಯರ ನಿಜವಾದ ಬಲಕ್ಕಿಂತ ಅವರ ರೇಟಿಂಗ್ ಬಹಳ ಕೆಳಗೆ ಉಳಿದುಬಿಡುವುದನ್ನು ಫಿಡೆಯೂ ಗಮನಿಸಿತು. ೨೦೨೪ರ ಮಾರ್ಚಿಯಲ್ಲಿ ೨೦೦೦ಕ್ಕಿಂತ ಕೆಳಗಿದ್ದ ಎಲ್ಲರ ರೇಟಿಂಗನ್ನೂ ಒಮ್ಮೆಗೇ ಏರಿಸಲಾಯಿತು: ೨೦೦೦ಕ್ಕೆ ಎಷ್ಟು ಕಡಮೆಯಿದೆಯೋ ಅದರ ಹತ್ತರಲ್ಲಿ ನಾಲ್ಕು ಪಾಲನ್ನು ಕೂಡಿಸಿದರು. ೧೬೦೦ ಇದ್ದವನು ಹೀಗೆ ೧೭೬೦ ಆದನು. ರಾತ್ರಿ ಬೆಳಗಾಗುವುದರೊಳಗೆ ಆ ಹುಡುಗನೇನೂ ಜಾಣನಾಗಲಿಲ್ಲ, ಅಳತೆಗೋಲನ್ನು ತಿದ್ದಿದುದಷ್ಟೆ.

ಪದವಿಯ ಮೆಟ್ಟಿಲು

ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದುವು ಎರಡು. ಒಂದು, ರೇಟಿಂಗ್ ೨೫೦೦ ಮುಟ್ಟಬೇಕು. ಎರಡು, ‘ನಾರ್ಮ್’ ಎಂದು ಕರೆಯುವ ಸಾಧನೆಯನ್ನು ಸಾಮಾನ್ಯವಾಗಿ ಮೂರು ಪಂದ್ಯಾವಳಿಗಳಲ್ಲಿ ತೋರಿಸಬೇಕು. ಒಂಬತ್ತು ಆಟಗಳ ಪಂದ್ಯಾವಳಿಯಲ್ಲಿ ೨೬೦೦ ಅಂಶದವನಂತೆ ಆಡಿದರೆ ಒಂದು ನಾರ್ಮ್. ಎದುರಾಳಿಗಳ ಸರಾಸರಿ ೨೩೮೦ ಇದ್ದರೆ ೭ ಅಂಕ ಬೇಕು. ೨೪೭೫ ಇದ್ದರೆ ೬ ಸಾಕು. ಇದಲ್ಲದೆ ಎದುರಾಳಿಗಳಲ್ಲಿ ಮೂವರಾದರೂ ಗ್ರ್ಯಾಂಡ್‌ಮಾಸ್ಟರುಗಳಿರಬೇಕು; ಹೊರದೇಶಗಳ ಆಟಗಾರರೂ ಇರಬೇಕೆಂಬುದು ಸಾಮಾನ್ಯ ನಿಯಮ.

ಇದರ ಅರ್ಥವನ್ನು ವಾಚಕರು ಯೋಚಿಸಿ ನೋಡಬೇಕು. ಗ್ರ್ಯಾಂಡ್‌ಮಾಸ್ಟರುಗಳಿಲ್ಲದ ಕಡೆ ಗ್ರ್ಯಾಂಡ್‌ಮಾಸ್ಟರ್ ಆಗುವಂತಿಲ್ಲ! ದೀಪದಿಂದ ದೀಪ ಹೊತ್ತಬೇಕು. ಮೊದಲನೆಯ ದೀಪ ಇಲ್ಲದ ಊರಿನವನು ಬೆಂಕಿಯನ್ನು ಹುಡುಕಿಕೊಂಡು ಹೊರಡಬೇಕು. ರೈಲಿನ ಖರ್ಚು, ವಿಮಾನದ ಖರ್ಚು, ಊಟ ವಸತಿಯ ಖರ್ಚು ಅವನ ಮನೆಯವರ ಮೇಲೆ ಬೀಳುತ್ತದೆ.

ಈ ದೀಪ ಎಷ್ಟು ದೂರದಿಂದ ಬರಬಲ್ಲುದೆಂಬುದಕ್ಕೆ ಏಷ್ಯದ ಚರಿತ್ರೆಯಲ್ಲಿ ಸೊಗಸಾದ ನಿದರ್ಶನವಿದೆ. ಏಷ್ಯದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಫಿಲಿಪೀನ್ಸಿನ ಯೂಜೀನಿಯೊ ಟೊರೆ. ಅವರಿಗೆ ಆ ಪದವಿ ಬಂದುದು ೧೯೭೪ರಲ್ಲಿ. ೧೯೭೬ರಲ್ಲಿ ಮನಿಲಾ ನಗರದಲ್ಲಿ ಅವರು ಅಂದಿನ ವಿಶ್ವವಿಜೇತ ಕಾರ್ಪೋವರನ್ನೇ ಸೋಲಿಸಿದರು. ೧೯೭೮ರ ವಿಶ್ವಪದವಿಯ ಪಂದ್ಯವೂ ಅದೇ ದೇಶದ ಬಾಗಿಯೊದಲ್ಲಿ ನಡೆಯಿತು. ಆ ಉತ್ಸಾಹದ ದಿನಗಳಲ್ಲಿ, ತಂದೆಯ ಉದ್ಯೋಗದ ನಿಮಿತ್ತ ಮನಿಲಾದಲ್ಲಿದ್ದ ಭಾರತೀಯ ಬಾಲಕನೊಬ್ಬ ಅಲ್ಲಿನ ಟೆಲಿವಿಷನ್ನಿನಲ್ಲಿ ಬರುತ್ತಿದ್ದ ಚದುರಂಗದ ಸಮಸ್ಯೆಗಳನ್ನು ಬಿಡಿಸುತ್ತಿದ್ದನು. ಅವನೇ ವಿಶ್ವನಾಥನ್ ಆನಂದ್. ಮದರಾಸಿನಲ್ಲಿ, ೧೯೬೧ರಲ್ಲಿ ಭಾರತದ ಮೊದಲನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನ್ಯುಯೆಲ್ ಆರನ್ನರ ಪ್ರಯತ್ನದಿಂದ ೧೯೭೨ರಲ್ಲಿ ಆರಂಭವಾಗಿದ್ದ ಟಾಲ್ ಚೆಸ್ ಕ್ಲಬ್ಬು ಆ ಬಾಲಕನಿಗೆ ಬಲವಾದ ಎದುರಾಳಿಗಳನ್ನು ಒದಗಿಸಿತು. ೧೯೮೮ರಲ್ಲಿ ಆನಂದ್ ಭಾರತದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಆದರು.

ಮೊದಲ ದೀಪದಿಂದ ಎರಡನೆಯದು ಹೊತ್ತಲು ಮೂರು ವರ್ಷ ಹಿಡಿಯಿತು. ಮೂರನೆಯದು ಹೊತ್ತಿದುದು ೧೯೯೭ರಲ್ಲಿ. ಆಮೇಲೆ ವೇಗ ಬೆಳೆಯಿತು. ಮದರಾಸು ಅದರ ಕೇಂದ್ರವಾಗಿದ್ದುದರಿಂದ ತಮಿಳುನಾಡಿಗೆ ಅದರ ಲಾಭ ಮೊದಲು ದೊರೆತುದು ಆಶ್ಚರ್ಯವಲ್ಲ.

ನಮ್ಮವರ ದಾರಿ

ಕರ್ನಾಟಕದ ಸರದಿ ತಡವಾಗಿ ಬಂದಿತು. ೨೦೧೭ರಲ್ಲಿ ಮೈಸೂರಿನ ಎಂ. ಎಸ್. ತೇಜ್‌ಕುಮಾರರು ರಾಜ್ಯದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಅವರು ರೈಲ್ವೆಯ ನೌಕರರು. ಆಗ ಅವರ ವಯಸ್ಸು ಮೂವತ್ತೈದನ್ನು ದಾಟಿತ್ತು. ಹದಿಹರೆಯದವರು ಪದವಿ ಪಡೆಯುವ ಈ ಕಾಲದಲ್ಲಿ ಅಷ್ಟು ವರ್ಷ ಪಟ್ಟುಹಿಡಿದು ನಿಂತುದು ಸಾಮಾನ್ಯವಾದ ಮಾತಲ್ಲ. ಮರುವರ್ಷ, ೨೦೧೮ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಜಿ. ಎ. ಸ್ಟ್ಯಾನಿ ಆ ಪದವಿಯನ್ನು ಪಡೆದರು. ೨೦೧೯ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್, ೨೦೨೨ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್.

ಹದಿನೈದರ ಹರೆಯದ ಪ್ರಣವ್ ತನ್ನ ಮೂರು ನಾರ್ಮ್‌ಗಳನ್ನು ಪಡೆದುದು ಸ್ಪೇನಿನ ಸಿಟ್ಜೆಸ್, ಹಂಗೆರಿಯ ಬುಡಪೆಸ್ಟ್, ಸ್ವಿಟ್ಜರ್ಲೆಂಡಿನ ಬೀಲ್ ನಗರಗಳಲ್ಲಿ. ೨೫೦೦ರ ಗಡಿಯನ್ನು ದಾಟಿದುದು ರುಮೇನಿಯದಲ್ಲಿ. ಭಾರತದ ೭೬ನೆಯ ಗ್ರ್ಯಾಂಡ್‌ಮಾಸ್ಟರಿಗೂ ಒಂದೇ ವರ್ಷದಲ್ಲಿ ನಾಲ್ಕು ದೇಶಗಳ ಪ್ರಯಾಣ ತಪ್ಪಲಿಲ್ಲ. ರಾಜಧಾನಿಯ ಹುಡುಗನಿಗೇ ಹೀಗಾದರೆ, ತುಂಗೆ ಭದ್ರೆಯರ ದಡದ ಹುಡುಗನು ದಾಟಬೇಕಾದ ದೂರ ಇನ್ನೂ ಹೆಚ್ಚು. ಆ ದೂರವನ್ನು ದಾಟಿದ ಸ್ಟ್ಯಾನಿಯವರ ಸಾಧನೆಯನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹಾಗಾದರೆ ನಮ್ಮ ಊರುಗಳು ಮಾಡಬಹುದಾದುದೇನು? ಪಾತ್ರೆಯ ಮುಚ್ಚಳವನ್ನು ತೆರೆಯಬೇಕು. ಇಪ್ಪತ್ತು ಹುಡುಗರನ್ನು ಬೆಂಗಳೂರಿಗೆ ಕಳುಹಿಸಲು ಇಪ್ಪತ್ತು ಟಿಕೆಟ್ಟು ಬೇಕು. ನಾಲ್ಕೈದು ಮಂದಿ ಬಲಿಷ್ಠ ಆಟಗಾರರನ್ನು ಇಲ್ಲಿಗೆ ಬರಮಾಡಿಕೊಂಡರೆ ಅವರ ಖರ್ಚಿನಲ್ಲೇ ಇಪ್ಪತ್ತು ಮಂದಿಗೂ ಅನುಭವ ದೊರೆಯುತ್ತದೆ. ಆದರೆ ಬರುವವರಿಗೂ ಒಂದು ಅಂಜಿಕೆಯುಂಟು. ಕಾಗದದ ಮೇಲೆ ೧೫೦೦ ಎಂದಿದ್ದು, ೧೮೦೦ರವನಂತೆ ಆಡುವ ಹುಡುಗನಿಗೆ ಸೋತರೆ ಅವರ ಅಂಶ ಬಹಳವಾಗಿ ಇಳಿಯುತ್ತದೆ. ಆದುದರಿಂದ ಒಳ್ಳೆಯ ಬಹುಮಾನವೂ ಆದರವೂ ಇಲ್ಲದೆ ಅವರು ಬರಲೊಲ್ಲರು. ಸಂಘಗಳೂ ಕಾಲೇಜುಗಳೂ ಇದನ್ನರಿತು ಪಂದ್ಯಾವಳಿಗಳನ್ನು ಏರ್ಪಡಿಸಬೇಕು. ಮನೆಯಲ್ಲಿಯೇ ಕುಳಿತು ಇಂಟರ್‌ನೆಟ್ಟಿನಲ್ಲಿ ದೂರದೇಶದವರೊಡನೆ ಆಡುವ ಅನುಕೂಲ ಇಂದು ಎಲ್ಲರಿಗೂ ಇದೆ. ಆ ತಾಣಗಳಲ್ಲಿ ಗಳಿಸಿದ ಸಂಖ್ಯೆ ಫಿಡೆಯ ರೇಟಿಂಗಿಗೆ ಸೇರದು. ಆದರೆ ಬಲಿಷ್ಠನ ಕೈಯಲ್ಲಿ ಸೋತು ಕಲಿತ ಪಾಠ ಸೇರದೆ ಇರದು.

ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ರೇಟಿಂಗ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಚಿಕ್ಕ ಸಂಖ್ಯೆಯನ್ನು ಕಂಡು ಕುಗ್ಗಬೇಡಿ. ಊರಿನಲ್ಲಿ ಮೊದಲಿಗನಾದೆನೆಂದು ಹಿಗ್ಗಲೂಬೇಡಿ. ಆ ಸಂಖ್ಯೆ ನೀವು ಯಾರೊಡನೆ ಆಡಿದಿರಿ ಎಂಬುದನ್ನೂ ಹೇಳುತ್ತದೆ. ಮುಂದಿನ ಸಲ ನಿಮಗಿಂತ ೨೦೦ ಅಂಶ ಮೇಲಿರುವವನು ಎದುರಿಗೆ ಕುಳಿತಾಗ ನೆನಪಿಡಿ: ನಾಲ್ಕು ಆಟಗಳಲ್ಲಿ ಸುಮಾರು ಒಂದು ಅಂಕವನ್ನು ಗಣಿತವೇ ನಿಮಗೆ ಕೊಟ್ಟಿದೆ. ಅದಕ್ಕಿಂತ ಹೆಚ್ಚಿಗೆ ಪಡೆಯುವುದು ನಿಮ್ಮ ಅಭ್ಯಾಸಕ್ಕೆ ಸೇರಿದ್ದು.