ದುಡ್ಡು ಮೊದಲು, ಗಿಟಾರ್ ಆಮೇಲೆ

'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ನಮ್ಮ ಪೇಟೆಯ ಅಂಗಡಿಗಳಲ್ಲಿ ಮಾತ್ರ ಇರೋದು ಅಂದುಕೊಳ್ಳಬೇಡಿ. ಅಂಥದ್ದೇ ಒಂದು ಬೋರ್ಡನ್ನು ಕಣ್ಣಿಗೆ ಕಾಣದಂತೆ ಕೊರಳಿಗೆ ಕಟ್ಟಿಕೊಂಡು ದಶಕಗಟ್ಟಲೆ ಊರೂರು ಸುತ್ತಿದ ಹಾಡುಗಾರನೊಬ್ಬ ಅಮೆರಿಕದಲ್ಲಿದ್ದ. ಹೆಸರು ಚಕ್ ಬೆರ್ರಿ. 1926ರ ಅಕ್ಟೋಬರ್ 18ರಂದು ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ. 2017ರ ಮಾರ್ಚ್ 18ರಂದು, ತೊಂಬತ್ತು ತುಂಬಿದ ಮೇಲೆ ತೀರಿಕೊಂಡ. ಊರ ಸುದ್ದಿಯ ಈ ಅಂಕಣಕ್ಕೆ ಆ ಪರದೇಶಿ ಯಾಕೆ ಬಂದ ಅಂತೀರಾ? ಅದಕ್ಕೂ ಕಾರಣ ಉಂಟು, ಕೊನೆಗೆ ಹೇಳುತ್ತೇನೆ.

ರಾಕ್ ಅಂಡ್ ರೋಲ್ ಅಂದ ಕೂಡಲೇ ಜನ ಎಲ್ವಿಸ್ ಪ್ರೀಸ್ಲಿಯ ಹೆಸರು ಹೇಳುತ್ತಾರೆ. ಹೇಳಲಿ, ಜಗಳವಿಲ್ಲ. ಆದರೆ ಎಲ್ವಿಸ್ ಹೆಚ್ಚಾಗಿ ಬೇರೆಯವರು ಬರೆದದ್ದನ್ನು ಹಾಡಿದವ. ಚಕ್ ಬೆರ್ರಿ ಮಾತು ತಾನೇ ಬರೆದ, ಗಿಟಾರ್ ತಾನೇ ನುಡಿಸಿದ, ಒಂಟಿ ಕಾಲು ಮುಂದೆ ಚಾಚಿ ಬಾತುಕೋಳಿಯ ಹಾಗೆ ವೇದಿಕೆ ತುಂಬ ತಾನೇ ಕುಣಿದ. ರಾಗ? ಅದರ ಬಗ್ಗೆ ಒಂದು ತಕರಾರಿದೆ. ಅದನ್ನೂ ಮುಚ್ಚಿಡುವುದಿಲ್ಲ.

ಈತನ ವ್ಯವಹಾರ ಹೀಗಿತ್ತು. ಊರಿಗೆ ಒಬ್ಬನೇ ಬರುತ್ತಿದ್ದ, ಕೈಯಲ್ಲಿ ಗಿಟಾರ್ ಮಾತ್ರ. ಪಕ್ಕವಾದ್ಯದವರನ್ನು ಕಾರ್ಯಕ್ರಮ ಏರ್ಪಡಿಸಿದವರೇ ಹುಡುಕಿಕೊಡಬೇಕು. ವೇದಿಕೆ ಹತ್ತುವ ಮೊದಲೇ ನಗದು ಕೈಗೆ ಬರಬೇಕು. ತಾಲೀಮು ಗೀಲೀಮು ಏನೂ ಇಲ್ಲ. 1973ರಲ್ಲಿ ಹಾಗೆ ಪಕ್ಕವಾದ್ಯಕ್ಕೆ ನಿಂತ ಹುಡುಗರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಒಬ್ಬ, ಆಮೇಲೆ ತಾನೇ ದೊಡ್ಡ ಹೆಸರು ಮಾಡಿದವ. ಶುರುವಾಗಲು ಐದು ನಿಮಿಷ ಇರುವಾಗ ಬಂದನಂತೆ ಪುಣ್ಯಾತ್ಮ. ಯಾವ ಹಾಡು ನುಡಿಸೋಣ ಅಂತ ಕೇಳಿದರೆ, ಚಕ್ ಬೆರ್ರಿ ಹಾಡು ಅಂದನಂತೆ. ಅಷ್ಟೇ ತಾಲೀಮು!

ಜಿಪುಣ, ಗರ್ವಿಷ್ಠ ಅಂತ ಜನ ಬೈದರು. ಜೀವಮಾನವೆಲ್ಲ ಈತನ ಹಾಡು ಕೇಳಿಕೊಂಡು ಬಂದ ನನಗೆ ಹೇಳಬೇಕಾದ್ದು ಇಷ್ಟೇ: ಕೊರಳಿನ ಆ ಬೋರ್ಡು ಸುಮ್ಮನೆ ಬಂದದ್ದಲ್ಲ.

ಮೊದಲ ಬೋಣಿಯಲ್ಲೇ ಮೋಸ

ತಂದೆ ಬಡಗಿ ಕೆಲಸದವರು, ಚರ್ಚಿನ ಹಿರಿಯರು. ಮಗ ಮಾತ್ರ ದಾರಿ ಬಿಟ್ಟ. 1944ರಲ್ಲಿ, ಹದಿನೆಂಟು ತುಂಬುವ ಮೊದಲೇ ಗೆಳೆಯರ ಜೊತೆ ಸೇರಿ ಅಂಗಡಿ ದರೋಡೆ ಮಾಡಿ ಸಿಕ್ಕಿಬಿದ್ದ. 1947ರಲ್ಲಿ ಹೊರಗೆ ಬಂದದ್ದು ಇಪ್ಪತ್ತೊಂದನೇ ಹುಟ್ಟುಹಬ್ಬದ ದಿನ. ಮರುವರ್ಷ ಮದುವೆ. ಆಮೇಲೆ ಹೊಟ್ಟೆಪಾಡು: ಕಾರು ಕಾರ್ಖಾನೆಯಲ್ಲಿ ದುಡಿದ, ಕೇಶ ಶೃಂಗಾರದ ಕೆಲಸವನ್ನೂ ಕಲಿತ. 1952ರ ಕೊನೆಯ ರಾತ್ರಿ ಜಾನಿ ಜಾನ್ಸನ್ ಎಂಬ ಪಿಯಾನೋ ವಾದಕನ ತಂಡದಲ್ಲಿ ಒಬ್ಬನಿಗೆ ಹುಷಾರಿಲ್ಲದೆ, ಬದಲಿಗೆ ಚಕ್ ಬೆರ್ರಿಗೆ ಕರೆ ಬಂತು. ಬದಲಿಯಾಗಿ ಬಂದವನೇ ಕ್ರಮೇಣ ತಂಡದ ಯಜಮಾನನಾದ.

1955ರ ಮೇ ತಿಂಗಳಲ್ಲಿ ಷಿಕಾಗೋಗೆ ಹೋದ. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ತೋರಿಸಿದ ದಾರಿ ಹಿಡಿದು ಚೆಸ್ ರೆಕಾರ್ಡ್ ಕಂಪನಿಯ ಬಾಗಿಲು ತಟ್ಟಿದ. 'ಮೇಬಲೀನ್' ಹಾಡು ಮುದ್ರಣವಾಯಿತು. ಕಪ್ಪು ಜನರ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನ, ಎಲ್ಲರೂ ಕೇಳುವ ಪಟ್ಟಿಯಲ್ಲಿ ಐದನೇ ಸ್ಥಾನ. ಮೊದಲ ಬೋಣಿಯೇ ಭರ್ಜರಿ ಅನ್ನಿ.

ಆದರೆ ಹಾಡು ಬರೆದವರ ಜಾಗದಲ್ಲಿ ನೋಡಿದರೆ ಒಂದಲ್ಲ, ಮೂರು ಹೆಸರು! ಒಬ್ಬ ಅಲನ್ ಫ್ರೀಡ್, ರೇಡಿಯೋದಲ್ಲಿ ಹಾಡು ಹಾಕುವವ. ಇನ್ನೊಬ್ಬ ರಸ್ ಫ್ರಾಟೋ, ಕಂಪನಿಗೆ ಬೇಕಾದವ. ಇಬ್ಬರೂ ಒಂದು ಸಾಲು ಬರೆದವರಲ್ಲ. ರೇಡಿಯೋದಲ್ಲಿ ಹಾಡು ಬರಬೇಕಾದರೆ ಪಾಲು ಕೊಡಬೇಕು, ಅದು ಆಗಿನ ಮಾಮೂಲು. ಮಾಮೂಲಿನ ಅರ್ಥ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡು ಹೆಸರು ಅಳಿಸಿ ಹಾಡು ಪೂರ್ತಿ ತನ್ನದಾಗಲು ಚಕ್ ಬೆರ್ರಿ 1986ರವರೆಗೆ ಕಾಯಬೇಕಾಯಿತು. ಮೂವತ್ತೊಂದು ವರ್ಷ! ಇಷ್ಟು ನೋಡಿದವನು ನಗದು ಎಣಿಸದೆ ಗಿಟಾರ್ ಮುಟ್ಟುತ್ತಾನೆಯೇ?

ಬಸ್ ಕೆಟ್ಟು ನಿಂತ ಹಾಡು

ಹಾಗಂತ ದುಡ್ಡಿನ ಮಾತು ಬಿಟ್ಟರೆ ಬೇರೇನೂ ಇಲ್ಲದ ಮನುಷ್ಯನಲ್ಲ. ಪಿಯಾನೋದ ಮೇಲೆ ಎಡಗೈ ಕುಟ್ಟುವ ತಾಳವನ್ನು ಗಿಟಾರಿನ ದಪ್ಪ ತಂತಿಗೆ ಇಳಿಸಿದ. ಎರಡು ತಂತಿ ಒಟ್ಟಿಗೆ ಮಿಡಿದು ಕಹಳೆ ಕೂಗಿದ ಹಾಗೆ ಹಾಡು ಶುರು ಮಾಡುತ್ತಿದ್ದ. ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು, ನುಂಗುವ ಹಾಗಿಲ್ಲ. ಹಾಡಿನ ವಿಷಯವಾದರೂ ಏನು? ಸ್ಕೂಲಿನ ಗಂಟೆ, ಹಳೇ ಕಾರು, ಕಟ್ಟಬೇಕಾದ ಬಿಲ್ಲು, ಕೊನೆಯಾಗದ ಕೆಲಸ. ದಿನಾ ಬಸ್ಸಿಗೆ ಕಾಯುವವನ ಬದುಕೇ.

1958ರ 'ಜಾನಿ ಬಿ. ಗುಡ್' ಓದು ಬರಹ ಬಾರದ, ಆದರೆ ಗಿಟಾರ್ ಬಲ್ಲ ಹಳ್ಳಿ ಹುಡುಗನ ಕಥೆ. ಗುಡ್ ಅನ್ನುವುದು ಚಕ್ ಬೆರ್ರಿ ಹುಟ್ಟಿದ ಬೀದಿಯ ಹೆಸರು. ಮೊದಲು ಬರೆದಾಗ ಅಲ್ಲಿ 'ಕಪ್ಪು ಹುಡುಗ' ಅಂತಿತ್ತು. ರೇಡಿಯೋದವರು ಹಾಕಲಿಕ್ಕಿಲ್ಲ ಅಂತ 'ಹಳ್ಳಿ ಹುಡುಗ' ಅಂತ ತಿದ್ದಿದ. ಒಂದು ಪದ ಬದಲಿಸಿ ಇಡೀ ದೇಶದ ಮನೆಯೊಳಗೆ ನುಗ್ಗಿದ. ಆ ಒಂದು ಪದಕ್ಕೆ ಅವನು ಏನು ನುಂಗಿಕೊಂಡನೋ, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

1962ರಲ್ಲಿ ಮತ್ತೆ ಜೈಲು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ರಾಜ್ಯದ ಗಡಿ ದಾಟಿಸಿದ ಆರೋಪ ಸಾಬೀತಾಗಿತ್ತು. ವಿಚಾರಣೆಯಲ್ಲಿ ನ್ಯಾಯಾಧೀಶರು ಬಣ್ಣದ ಮಾತಾಡಿದ್ದಕ್ಕೆ ಮೊದಲ ತೀರ್ಪು ರದ್ದಾಗಿತ್ತು. ಎರಡನೇ ವಿಚಾರಣೆಯಲ್ಲೂ ಅಪರಾಧಿ ಅಂತಲೇ ಆಯಿತು. ಒಳಗಿದ್ದುಕೊಂಡೇ 'ಪ್ರಾಮಿಸ್ಡ್ ಲ್ಯಾಂಡ್' ಬರೆದ. ನಾರ್ಫೋಕ್ ಊರಿನಲ್ಲಿ ಬಸ್ ಹತ್ತಿದ ಬಡ ಹುಡುಗ ಕ್ಯಾಲಿಫೋರ್ನಿಯಾ ಮುಟ್ಟುವ ಕಥೆ. ಅಲಬಾಮಾದಲ್ಲಿ ಬಸ್ ಕೆಟ್ಟು ನಿಲ್ಲುತ್ತದೆ. ಮುಂದೆ ರೈಲು, ಆಮೇಲೆ ವಿಮಾನ. ಊರುಗಳ ಸಾಲು ಸರಿಯಾಗಿರಲಿ ಅಂತ ನಕ್ಷೆ ಕೇಳಿದರೆ ಜೈಲಿನವರು ಹಿಂದೆಮುಂದೆ ನೋಡಿದರಂತೆ, ಓಡಿ ಹೋದರೆ ಗತಿಯೇನು ಅಂತ!

ಈತ ಒಳಗಿದ್ದಾಗಲೇ ಇಂಗ್ಲೆಂಡಿನಲ್ಲಿ ಇವನ ಹಾಡು ಹಾಡಿ ಹುಡುಗರು ಮೇಲೆ ಬಂದರು. 1963ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹೊರತಂದ ಮೊಟ್ಟಮೊದಲ ರೆಕಾರ್ಡು ಚಕ್ ಬೆರ್ರಿ ಹಾಡು. ಬೀಟಲ್ಸ್ ಕೂಡ ಅದೇ ವರ್ಷ ಇವನ 'ರೋಲ್ ಓವರ್ ಬೀಥೋವನ್' ಮುದ್ರಿಸಿದರು.

ಅಭಿಮಾನಿ ಕುರುಡನಲ್ಲ

ಹಾರ ಹಾಕಿ ಕೈ ತೊಳೆದುಕೊಳ್ಳುವುದು ಅಭಿಮಾನವಲ್ಲ. ಹುಡುಗಿಯ ಪ್ರಕರಣದಲ್ಲಿ ನ್ಯಾಯಾಧೀಶರ ಬಾಯಿ ಕೆಟ್ಟದ್ದು ನಿಜ, ಹಾಗಂತ ಇವನದು ಸರಿ ಅನ್ನಲಾಗದು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಎದುರು ಶ್ವೇತಭವನದಲ್ಲಿ ಹಾಡಿದ. ಅದೇ ವರ್ಷ ಆದಾಯ ತೆರಿಗೆ ತಪ್ಪಿಸಿದ್ದಕ್ಕೆ ನಾಲ್ಕು ತಿಂಗಳ ಸಜೆ. ನಗದು ಎಣಿಸಿದ ಕೈ ಸರ್ಕಾರಕ್ಕೆ ಲೆಕ್ಕ ಕೊಡಲಿಲ್ಲ. 1990ರಲ್ಲಿ ಇವನ ಹೋಟೆಲಿನ ಹೆಂಗಸರ ಶೌಚಾಲಯದಲ್ಲಿ ಕ್ಯಾಮರಾ ಇಡಿಸಿದ್ದ ಅಂತ ಮಹಿಳೆಯರು ದಾವೆ ಹೂಡಿದರು. ಹಣ ಕೊಟ್ಟು ರಾಜಿಯಾಯಿತು.

ಇನ್ನು ರಾಗದ ತಕರಾರು. ತಂಡಕ್ಕೆ ಕರೆದುಕೊಂಡ ಆ ಜಾನಿ ಜಾನ್ಸನ್ 2000ದಲ್ಲಿ ಕೋರ್ಟಿಗೆ ಹೋದ: ಹಾಡುಗಳ ರಾಗ ಕಟ್ಟಿದ್ದರಲ್ಲಿ ನನ್ನ ಪಾಲೂ ಇದೆ, ನನ್ನ ಹೆಸರೇ ಹಾಕಲಿಲ್ಲ ಅಂತ. ಕಾಲ ಮೀರಿ ಬಂದಿದ್ದೀರಿ ಅಂತ ದಾವೆ ವಜಾ ಆಯಿತು. ನೋಡಿ ಹೇಗಿದೆ! ಬರೆಯದವರ ಹೆಸರು ತನ್ನ ಹಾಡಿನ ಮೇಲೆ ಬಂತು ಅಂತ ಮೂವತ್ತೊಂದು ವರ್ಷ ಕಾದವನ ಮೇಲೆಯೇ, ಜೊತೆಗಾರನ ಹೆಸರು ಬಿಟ್ಟ ಅನ್ನೋ ದೂರು. ಜಾನ್ಸನ್ 2005ರಲ್ಲಿ ತೀರಿಕೊಂಡ. ಆ ಪಿಯಾನೋ ಇಲ್ಲದೆ ಆ ಗಿಟಾರ್ ಇಲ್ಲ ಅಂತ ಹೇಳದಿದ್ದರೆ ಈ ಬರಹವೂ ಸುಳ್ಳು ಲೆಕ್ಕವೇ ಆದೀತು.

ಆದರೂ ಒಂದು ದೃಶ್ಯ ಮರೆಯಲಾಗದು. ಸೇಂಟ್ ಲೂಯಿಸ್‌ನಲ್ಲಿ ಫಾಕ್ಸ್ ಅಂತ ಒಂದು ದೊಡ್ಡ ಥಿಯೇಟರು. ಚಿಕ್ಕವನಿದ್ದಾಗ ತಂದೆಯ ಜೊತೆ ಸಿನಿಮಾಕ್ಕೆ ಹೋದರೆ, ಬಣ್ಣ ನೋಡಿ ಟಿಕೆಟ್ ಕೊಡದೆ ವಾಪಸ್ ಕಳಿಸಿದ್ದರು. 1986ರ ಅಕ್ಟೋಬರ್‌ನಲ್ಲಿ, ಅರವತ್ತು ತುಂಬಿದ ಸಂಭ್ರಮಕ್ಕೆ ಅದೇ ಫಾಕ್ಸ್ ವೇದಿಕೆಯಲ್ಲಿ ಹಾಡಿದ. ಪಕ್ಕದಲ್ಲಿ ಪಿಯಾನೋ ಮುಂದೆ ಕೂತವನು ಅದೇ ಜಾನಿ ಜಾನ್ಸನ್.

ಈಗ ಕೊನೆಗೆ ಉಳಿಸಿಕೊಂಡ ಮಾತು. 1977ರಲ್ಲಿ ಅಮೆರಿಕದವರು ವಾಯೇಜರ್ ಹೆಸರಿನ ಎರಡು ನೌಕೆ ಹಾರಿಬಿಟ್ಟರು. ಒಂದೊಂದರಲ್ಲೂ ಚಿನ್ನದ ಲೇಪದ ಒಂದು ತಾಮ್ರದ ತಟ್ಟೆ, ಗ್ರಾಮಾಫೋನ್ ಪ್ಲೇಟಿನ ಹಾಗೆ. ಎಲ್ಲಾದರೂ ಯಾರಾದರೂ ಇದ್ದರೆ ಕೇಳಲಿ ಅಂತ ಭೂಮಿಯ ಸಂಗೀತ ತುಂಬಿಸಿದರು. ನಮ್ಮ ದೇಶದಿಂದ ಕೇಸರಬಾಯಿ ಕೇರ್ಕರ್ ಅವರ ಭೈರವಿ. ರಾಕ್ ಅಂಡ್ ರೋಲ್ ಪರವಾಗಿ 'ಜಾನಿ ಬಿ. ಗುಡ್' ಒಂದೇ. ಅದೇ ತಟ್ಟೆಯಲ್ಲಿ 55 ಭಾಷೆಗಳ ನಮಸ್ಕಾರವಿದೆ. ಆ 55ರಲ್ಲಿ ಕನ್ನಡವೂ ಒಂದು ಸ್ವಾಮಿ!

ವಾಯೇಜರ್-1 ಸೂರ್ಯನ ಪ್ರಭಾವದ ವಲಯವನ್ನು 2012ರಲ್ಲೇ ದಾಟಿತು. ಟಿಕೆಟ್ ಸಿಗದೆ ವಾಪಸಾದ ಹುಡುಗನ ಗಿಟಾರೂ, ಹೆಸರು ಸಿಗದ ಜೊತೆಗಾರ ಕಲಿಸಿದ ತಾಳವೂ, ನಮ್ಮ ಕನ್ನಡದ ಶುಭಾಶಯವೂ ಒಂದೇ ಬಂಡಿಯಲ್ಲಿ ಕೂತು ಹೋಗುತ್ತಿವೆ. ಆ ದಾರಿಯಲ್ಲಿ ಮಾಮೂಲು ಕೇಳುವವರಿಲ್ಲ, ನಗದು ಎಣಿಸುವವರೂ ಇಲ್ಲ.