ಅಪ್ಪನ ಕಿವಿಯೂ ನನ್ನ ಹೊಸ ಸ್ಪೀಕರೂ

"ಸೌಂಡ್ ಜಾಸ್ತಿ ಮಾಡೋ, ಏನ್ ಮಾತಾಡ್ತಿದಾರೆ ಅಂತಾನೇ ಗೊತ್ತಾಗ್ತಿಲ್ಲ." ಅಪ್ಪ ಮೂರನೇ ಸಲ ಹೀಗೆ ಹೇಳಿದಾಗ ಅಮ್ಮ ನನ್ನ ಮುಖ ನೋಡಿದರು. "ವಯಸ್ಸಾಯ್ತಲ್ಲ, ಕಿವಿ ಡಾಕ್ಟರಿಗೆ ತೋರಿಸ್ಕೊಂಡು ಬಾ" ಅಂತ ಮೆಲ್ಲಗೆ ಅಂದರು.

ಕಳೆದ ದೀಪಾವಳಿಗೆ ಮೈಸೂರಿನ ಮನೆಯಲ್ಲಿ ಹೋಂ ಥಿಯೇಟರ್ ಜೋಡಿಸಿದ್ದು ನಾನೇ. ಅಪ್ಪ ಬೋನಸ್ ದುಡ್ಡಿನಲ್ಲಿ ಕೊಂಡಿದ್ದ ಹಳೇ ಜೊತೆ ಸ್ಪೀಕರ್ ಎಡಕ್ಕೊಂದು ಬಲಕ್ಕೊಂದು ಇಟ್ಟೆ. ಹೊಸ ಎವಿ ರಿಸೀವರ್ ತಂದೆ. ಟಿವಿ ಕೆಳಗಿನ ಮಧ್ಯದ ಸ್ಪೀಕರ್ ಮಾತ್ರ ಆಫರ್‌ನಲ್ಲಿ ಸಿಕ್ಕ ಬೇರೆ ಬ್ರಾಂಡಿನದು. ಹಳೆಯದು 8 ಓಮ್, ಹೊಸದೂ 8 ಓಮ್. ಇಂಜಿನಿಯರ್ ತಲೆಗೆ ಅಷ್ಟು ಸಾಕಾಯಿತು.

ಡಾಕ್ಟರು ಪರೀಕ್ಷೆ ಮಾಡಿಸಿ, "ವಯಸ್ಸಿಗೆ ತಕ್ಕ ಹಾಗೆ ಸ್ವಲ್ಪ ಕಡಿಮೆಯಾಗಿದೆ, ಮಷೀನ್ ಹಾಕೋವಷ್ಟಿಲ್ಲ" ಅಂದರು. ಆದರೂ ಅಪ್ಪ ಸಿನಿಮಾ ನೋಡೋದನ್ನೇ ಬಿಟ್ಟರು. ನಾವು ಟಿವಿ ಹಾಕಿದರೆ ಅವರು ಪೇಪರ್ ಹಿಡಿದು ರೂಮಿಗೆ ಹೋಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅದೇ ರಿಸೀವರ್‌ನಲ್ಲಿ ಭೀಮಸೇನ ಜೋಶಿಯವರ ದಾಸರಪದ ಹಾಕಿಕೊಂಡು ಅಪ್ಪ ಜೊತೆಗೇ ಗುನುಗುತ್ತಿದ್ದರು. ಸೌಂಡ್ ಕಡಿಮೆಯೇ ಇತ್ತು, ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಆಗ ಹೊಳೆಯಿತು. ಹಾಡು ಸ್ಟೀರಿಯೋ, ಹಾಗಾಗಿ ಎಡ-ಬಲದ ಹಳೇ ಸ್ಪೀಕರ್‌ಗಳಿಂದ ಮಾತ್ರ ಬರುತ್ತದೆ. ಆದರೆ 5.1 ಸಿನಿಮಾದಲ್ಲಿ ಸಂಭಾಷಣೆಯ ಬಹುಪಾಲು ಬರುವುದು ಮಧ್ಯದ ಸ್ಪೀಕರಿನಿಂದ, ಅಂದರೆ ನಾನು ತಂದದ್ದರಿಂದ!

ಓಮ್ ಒಂದೇ ಆದರೆ ಧ್ವನಿ ಒಂದೇ ಆಗುವುದಿಲ್ಲ. ಒಳಗಿನ ಕೋನ್, ಟ್ವೀಟರ್, ಕ್ರಾಸ್‌ಓವರ್, ಪೆಟ್ಟಿಗೆ ಎಲ್ಲವೂ ಸೇರಿ ಪ್ರತಿ ಸ್ಪೀಕರ್‌ಗೂ ಒಂದು ದನಿ ಕೊಡುತ್ತವೆ. ಪರದೆಯ ಮೇಲೆ ಒಬ್ಬ ಎಡದಿಂದ ಬಲಕ್ಕೆ ಮಾತಾಡುತ್ತಾ ನಡೆದರೆ, ನಮ್ಮನೆಯಲ್ಲಿ ಮಧ್ಯಕ್ಕೆ ಬಂದಾಗ ಅವನ ಗಂಟಲೇ ಬದಲಾಗುತ್ತಿತ್ತು, ಡಬ್ಬಿಯೊಳಗಿಂದ ಮಾತಾಡಿದ ಹಾಗೆ. ಸ, ಶ, ತ ಥರದ ವ್ಯಂಜನಗಳ ಸ್ಪಷ್ಟತೆ ಇರುವುದು ಹೆಚ್ಚಿನ ಕಂಪನಾಂಕಗಳಲ್ಲಿ. ವಯಸ್ಸಾದಂತೆ ಕಿವಿಗೆ ಮೊದಲು ಮಂದವಾಗುವುದೂ ಅವೇ. ನನ್ನ ಕಿವಿ ಹೇಗೋ ಊಹಿಸಿಕೊಳ್ಳುತ್ತಿತ್ತು, ಅಪ್ಪನದಕ್ಕೆ ಆಗುತ್ತಿರಲಿಲ್ಲ.

ರಿಸೀವರ್ ಸೆಟಿಂಗ್‌ನಲ್ಲಿ ಮಧ್ಯದ ಸ್ಪೀಕರ್ ಇಲ್ಲ ಎಂದು ಆಯ್ಕೆ ಮಾಡಿದೆ. ಆಗ ಸಂಭಾಷಣೆ ಎಡ-ಬಲಕ್ಕೆ ಸಮನಾಗಿ ಹಂಚಿಹೋಗುತ್ತದೆ, ನಡುವೆ ಕೂತವರಿಗೆ ಪರದೆಯಿಂದಲೇ ಬಂದಂತೆ ಕೇಳುತ್ತದೆ. ಪಕ್ಕಕ್ಕೆ ಕೂತವರಿಗೆ ಹತ್ತಿರದ ಸ್ಪೀಕರಿನ ಕಡೆಗೇ ಎಳೆಯುತ್ತದೆ, ನಿಜ. ಆದರೆ ನಮ್ಮ ಸೋಫಾದ ನಡುವಿನ ಜಾಗ ಅಪ್ಪನದು.

ನೀವೂ ಕೊಳ್ಳುವವರಿದ್ದರೆ ಇಷ್ಟು ನೆನಪಿಡಿ. ಮುಂದಿನ ಮೂರು ಸ್ಪೀಕರ್ ಒಂದೇ ಕಂಪನಿಯದು, ಸಾಧ್ಯವಾದರೆ ಒಂದೇ ಸರಣಿಯದು ಇರಲಿ. ಸಬ್‌ವೂಫರ್ ಯಾವ ಬ್ರಾಂಡಾದರೂ ನಡೆಯುತ್ತದೆ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಹಿಂದಿನ ಸ್ಪೀಕರ್‌ಗಳಲ್ಲೂ ಸ್ವಲ್ಪ ರಾಜಿ ಆಗಬಹುದು. ರಿಸೀವರ್ ಬೇರೆ ಕಂಪನಿಯದಾದರೆ ತೊಂದರೆಯಿಲ್ಲ, ಸ್ಪೀಕರಿನ ಓಮ್ ಅದಕ್ಕೆ ಹೊಂದಬೇಕು ಅಷ್ಟೆ. ಯಮಾಹಾದ ವೈಪಿಎಒ, ಡೆನಾನ್‌ನ ಆಡಿಸ್ಸಿ ಥರದ ವ್ಯವಸ್ಥೆಗಳು ಮೈಕ್ ಇಟ್ಟು ಅಳೆದು ಸದ್ದಿನ ಮಟ್ಟ ಸರಿದೂಗಿಸುತ್ತವೆ. ದನಿಯ ವ್ಯತ್ಯಾಸವನ್ನೂ ತಕ್ಕಮಟ್ಟಿಗೆ ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ.

ಅವತ್ತು ರಾತ್ರಿ ಅಪ್ಪನನ್ನು ಕರೆದು ಕೂರಿಸಿ ಒಂದು ಹಳೇ ಸಿನಿಮಾ ಹಾಕಿದೆ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಒಂದು ತಮಾಷೆ ಮಾತಿಗೆ ನಮ್ಮೆಲ್ಲರಿಗಿಂತ ಮೊದಲು ನಕ್ಕರು. "ಈಗ ಸರಿಯಾಗಿ ಕೇಳ್ತಿದೆ ಕಣೋ. ಏನ್ ಮಾಡಿದೆ?" ಅಂದರು.

"ನಾನು ತಂದಿದ್ದನ್ನ ತೆಗೆದೆ ಅಪ್ಪಾ" ಅಂದೆ. ಅವರ ಕಿವಿಯನ್ನು ಅನುಮಾನಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮುಂಚೆ ನನ್ನ ವೈರಿಂಗನ್ನು ಒಂದು ಸಲ ಅನುಮಾನಿಸಬೇಕಿತ್ತು.